ನಾಲ್ಕೇ ಅಡಿ ಬೆಳೆಯುತ್ತೆ ಅಂದಿದ್ದ ಗಿಡ

ಮೊದಲೇ ಹೇಳ್ಬಿಡ್ತೀನಿ, ತಪ್ಪು ಗುಂಡಂದು. 14 ವರ್ಷದ ಹಿಂದೆ, ನಾನು ಈ ಮನೆಗೆ ಬಂದ ಹೊಸದ್ರಲ್ಲಿ, ಒಂದು ಪಾಟ್ ತಬ್ಕೊಂಡು ಬಂದು ಗೇಟ್ ಪಕ್ಕ ಇಟ್ಟು "ಫೈಕಸ್ ಕಣೋ, ಶೋ ಗಿಡ, ನಾಲ್ಕಡಿ ಮೇಲೆ ಒಂದಿಂಚು ಹೋಗಲ್ಲ, ಗಾಳಿ ಕ್ಲೀನ್ ಮಾಡುತ್ತೆ ಅಂತ ನಾಸಾದವ್ರೇ ಹೇಳಿದಾರೆ" ಅಂದೋನು ಅವನೇ. ಈಗ ಅದೇ ಗುಂಡ ಅದೇ ಗೇಟ್ ಪಕ್ಕ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತು, ಟೋಪಿ ಹಿಂದಕ್ಕೆ ಬೀಳೋವರೆಗೂ ಕತ್ತೆತ್ತಿ ಮೇಲೆ ನೋಡಿ, "ಅಲ್ವೋ, ಯಾವ ಬುದ್ಧಿವಂತ ಇಲ್ಲಿ ನೆಟ್ಟಿದ್ದು ಇದನ್ನ?" ಅಂತಾನೆ.

ಮರ ಈಗ ಹತ್ತತ್ರ 35 ಅಡಿ ಇದೆ.

ಆವತ್ತು ಸೇರಿದ್ದು ನಾಲ್ಕು ಜನ. ನಾನು, ಗುಂಡ, ಪದ್ದಿ, ನಮ್ಮ ಮೇಷ್ಟ್ರು. ಮೇಷ್ಟ್ರು ಬಾಟನಿ ಹೇಳ್ಕೊಟ್ಟು ರಿಟೈರ್ ಆದೋರು, ಅಂದ್ರೆ ಅವರು ರಿಟೈರ್ ಆಗಿದಾರೆ, ಪಾಠ ಆಗಿಲ್ಲ. ಪದ್ದಿ ತನ್ನ ಮನೇದು ಇಂಥದೇ ಒಂದು ಮರ ತೆಗೆಸಿ ಮುಗಿಸಿದಾಳೆ, ಹಾಗಾಗಿ ಅವಳು ಮಾತಾಡೋವಾಗ ಯುದ್ಧದಿಂದ ವಾಪಸ್ ಬಂದೋರ ಥರ ದೂರ ಎಲ್ಲೋ ನೋಡ್ತಾ ಮಾತಾಡ್ತಾಳೆ.

"ನಾಸಾ ವಿಷಯ ಸುಳ್ಳಲ್ಲಪ್ಪ," ಅಂದ್ರು ಮೇಷ್ಟ್ರು. ಗುಂಡನ ಮುಖ ಅರಳ್ತು. "1989ರ ರಿಪೋರ್ಟಲ್ಲಿ ಈ ಗಿಡದ ಹೆಸರಿದೆ. ಆದ್ರೆ ಅವರು ಟೆಸ್ಟ್ ಮಾಡಿದ್ದು ಗಾಳಿಯಾಡದ ಪೆಟ್ಟಿಗೆ ಒಳಗೆ ಪಾಟ್ ಇಟ್ಟು. ತಗೊಂಡ್ಹೋಗಿ ಗೇಟ್ ಪಕ್ಕ ನೆಡ್ರಯ್ಯ ಅಂತ ಎಲ್ಲೂ ಬರ್ದಿಲ್ಲ." ಅರಳಿದ ಮುಖ ಅಲ್ಲೇ ಮುದುಡ್ತು.

"ಹಂಗಾದ್ರೆ ಪಾಟಿಂದ ನೆಲಕ್ಕೆ ಇಳಿಸಿದ್ದು ಯಾರು?" ಅಂದ ಗುಂಡ.

ಇದಕ್ಕೆ ಉತ್ತರ ಕೊಡೋದು ನಂಗೆ ಇಷ್ಟ ಇರ್ಲಿಲ್ಲ. ಏನಾಯ್ತು ಅಂದ್ರೆ ಈ ಗಿಡಕ್ಕೊಂದು ಸ್ವಭಾವ ಇದೆ, ಜಾಗ ಬದಲಾಯಿಸಿದ್ರೆ ಸಾಕು ಮುನಿಸ್ಕೊಂಡು ಎಲೆ ಎಲ್ಲಾ ಉದುರಿಸ್ಬಿಡುತ್ತೆ, ನಾನು ಆ ಕಿಟಕಿಯಿಂದ ಈ ಕಿಟಕಿಗೆ ಇಟ್ಟೆ, ಉದುರ್ತು, ಈ ಕಿಟಕಿಯಿಂದ ಬಾಗಿಲಿಗೆ ತಂದೆ, ಮತ್ತೆ ಉದುರ್ತು, ಕೊನೆಗೆ ಪಾಪ ಬದುಕೊಳ್ಳಲಿ ಅಂತ ನೆಲಕ್ಕೆ ಇಳಿಸ್ದೆ. ಬದುಕ್ತು. ಬದುಕಿದ್ದೂ ಅಲ್ದೆ ನಮ್ಮ ಬದುಕಿಗೇ ಬಂತು.

"ಪಾಟಲ್ಲಿ ನಾಲ್ಕಡಿ ಅಂದಿದ್ದು ನಾನು. ನೆಲದಲ್ಲಿ ಎಷ್ಟು ಅಂತ ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ," ಅಂತ ಗುಂಡ ಕೈ ತೊಳ್ಕೊಂಡ. "ಬೇಕಾದ್ರೆ ಬಿಲ್ಲೆ ನೋಡು. ಬುಡಕ್ಕೆ ತಂತೀಲಿ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿದ್ರು. ಅದ್ರ ಮೇಲೆ ಅಚ್ಚು ಒತ್ತಿತ್ತು, ಎತ್ತರ 4 ಅಡಿ ಅಂತ."

"ಎಲ್ಲಿದೆ ಬಿಲ್ಲೆ?"

"ಮರ ಬೆಳೀತಾ ಅದೂ ಮೇಲೆ ಹೋಗಿರುತ್ತೆ. ಅಗೋ, ಆ ಕವಲು ಹತ್ರ ಎಲ್ಲೋ ಇರಬೇಕು."

ಮೇಷ್ಟ್ರಿಗೆ ಇದು ಸಹಿಸೋಕಾಗ್ಲಿಲ್ಲ. "ಲೋ, ಮರ ಏನು ಲಿಫ್ಟಾ? ಮರ ಉದ್ದ ಆಗೋದು ತುದೀಲಿ ಕಣಯ್ಯ. ಕಾಂಡ ಅಡ್ಡಡ್ಡ ದಪ್ಪ ಆಗುತ್ತೆ ಅಷ್ಟೆ. ಮೊಣಕಾಲೆತ್ತರಕ್ಕೆ ಮೊಳೆ ಹೊಡೆದ್ರೆ ನೂರು ವರ್ಷ ಆದ್ಮೇಲೂ ಮೊಣಕಾಲೆತ್ತರದಲ್ಲೇ ಇರುತ್ತೆ, ಅದನ್ನ ಮರ ನುಂಗ್ಬಿಟ್ಟಿರುತ್ತೆ ಬೇಕಾದ್ರೆ." ನಾವೆಲ್ಲ ಬಗ್ಗಿ ಬುಡ ನೋಡಿದ್ವಿ. ಏನೂ ಕಾಣ್ಲಿಲ್ಲ. ಬಿದ್ದೋಗಿರಬೇಕು ಅಂತ ಬಿಟ್ವಿ. ಈ ಬಿಲ್ಲೆ ವಿಷಯ ಸ್ವಲ್ಪ ನೆನಪಿಟ್ಕೊಳ್ಳಿ, ನಾವು ಮರ್ತೋದ್ವಿ, ಅದೇ ಎಡವಟ್ಟಾಗಿದ್ದು.

ಮರದ ಮೇಲೆ ನಂಗೇನು ಹಗೆ ಇಲ್ಲ. ನೆರಳು ಚೆನ್ನಾಗಿ ಕೊಡ್ತಿತ್ತು. ಆದ್ರೆ ಗೇಟ್ ಅರ್ಧ ಮಾತ್ರ ತೆಗೆಯೋ ಹಾಗಾಗಿದೆ, ಯಾಕಂದ್ರೆ ಬೇರು ನೆಲದ ಕಲ್ಲನ್ನ ಎತ್ತಿ ನಿಲ್ಸಿದೆ, ಮನೆಗೆ ಬಂದೋರೆಲ್ಲ ಹೊಟ್ಟೆ ಒಳಗೆ ಎಳ್ಕೊಂಡು ಅಡ್ಡಡ್ಡ ಒಳಗೆ ಬರ್ಬೇಕು. ಅದ್ರ ಕೆಳಗೆ ಗಾಡಿ ನಿಲ್ಸಿದ್ರೆ ಬೆಳಿಗ್ಗೆ ಹೊತ್ತಿಗೆ ಗಾಜು ಮೇಲೆಲ್ಲ ಅಂಟಂಟು. ಮರಕ್ಕೆ ಶಲ್ಕ ಕೀಟ ಹತ್ತಿದೆ, ಅದು ರಸ ಹೀರಿ ಸಿಹಿ ಅಂಟನ್ನ ಹನಿಸುತ್ತೆ, ಅದ್ರ ಮೇಲೆ ಕಪ್ಪು ಬೂಷ್ಟು, ಅದ್ರ ಮೇಲೆ ಹಕ್ಕಿಗಳ ಸಹಿ. ಕೊನೆಗೆ ಬಚ್ಚಲ ನೀರು ಹೋಗೋ ಪೈಪು ಕಟ್ಕೊಂಡಾಗ ಪ್ಲಂಬರ್ ಬಂದು ಚೇಂಬರಿಗೆ ಕೈ ಹಾಕಿ ಎಳೆದ ನೋಡಿ, ಬಂತು, ಬಂತು, ಬರ್ತಾನೇ ಇತ್ತು, ಮೂರಡಿ ಉದ್ದದ ಕಂದು ಬಣ್ಣದ ಜಡೆ, ಪೈಪಿನ ಆಕಾರಕ್ಕೇ ಹೆಣೆದ ಹಾಗೆ ಗುಂಡಗೆ, ನೀರು ಸೋರ್ತಾ. ಅವನು ಅದನ್ನ ಎತ್ತಿ ಹಿಡಿದು "ಯಾರ್ದು ಇದು?" ಅಂತ ಕೇಳಿದ. ಮನೇಲಿ ಒಂದು ಕ್ಷಣ ಎಲ್ರೂ ತಲೆ ಮುಟ್ಕೊಂಡ್ರು.

"ಬೇರು ಗಟ್ಟಿ ಪೈಪನ್ನ ಒಡೆಯಲ್ಲ," ಅಂದ್ರು ಮೇಷ್ಟ್ರು. "ಜಾಯಿಂಟಲ್ಲಿ ಮೊದಲೇ ಸೋರ್ತಿದ್ರೆ ಆ ತೇವ ಹುಡುಕ್ಕೊಂಡು ನುಗ್ಗುತ್ತೆ. ಹಾಗಾಗಿ ಮೊದಲ ತಪ್ಪು ಪೈಪ್ ಹಾಕಿದೋನ್ದು."

"ಕೇಳಿಸ್ತಾ?" ಅಂದ ಗುಂಡ. ಈ ಮನುಷ್ಯನಿಗೆ ತಪ್ಪು ಪಾಲು ಮಾಡಿ ಹಂಚೋದ್ರಲ್ಲಿ ಇರೋ ಹುಮ್ಮಸ್ಸು ಬೇರೆ ಯಾವ ಕೆಲ್ಸದಲ್ಲೂ ನಾನು ನೋಡಿಲ್ಲ.

ಕಡಿಯೋದೇ ಬೇಡ, ಮೇಲಿಂದ ಅರ್ಧ ಚಾಪ್ ಮಾಡ್ಸು, ಸಣ್ಣದಾಗುತ್ತೆ ಅಂತ ಅವನೇ ಐಡಿಯಾ ಕೊಟ್ಟ. ಪದ್ದಿ ಹಣೆ ಚಚ್ಕೊಂಡ್ಲು. "ನಾನೂ ಮೊದಲು ಅದನ್ನೇ ಮಾಡಿದ್ದು ಕಣೋ. ತಲೆ ಹಾರಿಸಿದ ಮರ ಸುಮ್ನೆ ಕೂರಲ್ಲ, ಒಂದು ಕೊಂಬೆ ಇದ್ದ ಜಾಗದಲ್ಲಿ ಇಪ್ಪತ್ತು ಚಿಗುರು ಒಟ್ಟಿಗೆ ಎದ್ದು ನಿಲ್ತವೆ, ಅವು ತೊಗಟೆ ಹತ್ರ ಮೇಲ್ಮೇಲೆ ಹುಟ್ಟಿರ್ತವೆ, ಒಳಗಿಂದ ಹಿಡಿತ ಇರಲ್ಲ, ದೊಡ್ಡದಾದ್ಮೇಲೆ ಗಾಳಿಗೆ ಪಟ್ ಅಂತ ಮುರ್ಕೊಂಡು ಬೀಳ್ತವೆ. ಎರಡು ವರ್ಷಕ್ಕೆ ಮೊದಲಿಗಿಂತ ಪೊದೆ ಆಗಿತ್ತು ನಮ್ಮನೇದು."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ," ಅಂದೆ ನಾನು, ಗಾದೆಯನ್ನ ಅದು ಹುಟ್ಟಿದ ಜಾಗದಲ್ಲೇ ಬಳಸೋ ಅವಕಾಶ ಎಲ್ರಿಗೂ ಸಿಗಲ್ಲ.

"ಇದು ಗಿಡವಾಗಿದ್ದಾಗ ಬಗ್ಗಿತ್ತಲ್ಲೋ, ಬಾಗಿದ ಕೊಂಬೆಯೇ ಇದ್ರ ಚೆಂದ," ಅಂದ್ರು ಮೇಷ್ಟ್ರು. "ಫೈಕಸ್ ಬೆಂಜಮಿನ. ಲಿನೇಯಸ್ ಅನ್ನೋ ಸಸ್ಯವಿಜ್ಞಾನಿ 1767ರಲ್ಲೇ ಹೆಸರಿಟ್ಟಿದ್ದು. ಕಾಡಲ್ಲಿ 30 ಮೀಟರ್ ಹತ್ರ ಹೋಗೋ ಜಾತಿ ಇದು, ಆಲದ ಸಂಬಂಧಿ. ಆಲದ ಮರದ ಬಂಧುನ ತಂದು ಶೋ ಗಿಡ ಅಂತ ಗೇಟ್ ಪಕ್ಕ ಇಟ್ಟಿದೀರಿ, ಆನೆ ಮರೀನ ಬೆಕ್ಕು ಅಂತ ಸಾಕಿದ ಹಾಗೆ."

ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸ್ತೋ ಏನೋ, ಸಮಾಧಾನಕ್ಕೆ ಒಂದು ಕಥೆ ಹೇಳಿದ್ರು. ಮೋಸ ಹೋಗಿದ್ದು ನಾನೊಬ್ನೇ ಅಲ್ವಂತೆ, ಒಂದಿಡೀ ದೇಶವೇ ಹೋಗಿದೆಯಂತೆ. ಅಮೆರಿಕದ ಕೃಷಿ ಇಲಾಖೆ 1960ರ ದಶಕದಲ್ಲಿ ಬ್ರಾಡ್‌ಫರ್ಡ್ ಪೇರ್ ಅನ್ನೋ ಅಲಂಕಾರದ ಮರ ಬಿಡ್ತು. ಬಿಳಿ ಹೂ, ಚೆಂದದ ಆಕಾರ, ಕಾಯಿ ಬಿಡಲ್ಲ ಗಲೀಜಿಲ್ಲ ಅಂತ ಜನ ಸಾಲು ಸಾಲಾಗಿ ಮನೆ ಮುಂದೆ ನೆಟ್ರು. ಹೂ ಬಿಟ್ರೆ ಕೊಳೆತ ಮೀನಿನ ವಾಸನೆ. ಹದಿನೈದು ಇಪ್ಪತ್ತು ವರ್ಷ ಆಗೋ ಹೊತ್ತಿಗೆ ಕವಲು ಸೀಳ್ಕೊಂಡು ಗಾಡಿ ಮೇಲೆ ಬೀಳೋಕೆ ಶುರು. ಕಾಯಿ ಬಿಡಲ್ಲ ಅಂದಿದ್ದು ತನ್ನ ಪಾಡಿಗೆ ತಾನೊಂದೇ ಇದ್ರೆ ಮಾತ್ರ, ಅದೇ ಜಾತಿಯ ಬೇರೆ ತಳಿ ಪಕ್ಕದ ಮನೆಗೆ ಬಂದ್ಮೇಲೆ ಎರಡೂ ಸೇರಿ ಕಾಯಿ ಬಿಟ್ವು, ಹಕ್ಕಿಗಳು ತಗೊಂಡ್ಹೋಗಿ ಕಾಡೆಲ್ಲ ಹರಡಿದ್ವು, ಅಲ್ಲಿ ಹುಟ್ಟಿದ್ದಕ್ಕೆ ಮುಳ್ಳು ಬೇರೆ. 2023ರಿಂದ ಓಹಾಯೋ ರಾಜ್ಯದಲ್ಲಿ ಮಾರೋದೇ ಬ್ಯಾನ್. ಕೆಲವು ಕಡೆ ನಿಮ್ಮನೆ ಮರ ಕಡಿದಿರೋ ಫೋಟೋ ತೋರ್ಸಿದ್ರೆ ಬೇರೆ ಒಳ್ಳೆ ಗಿಡ ಫ್ರೀ ಕೊಡ್ತಾರೆ.

"ಅದನ್ನ ಕೊಟ್ಟೋರು ಈಗ ಎಲ್ಲಿದಾರಂತೆ?" ಅಂತ ನಾನು ಗುಂಡನ ಕಡೆ ನೋಡ್ತಾ ಕೇಳ್ದೆ.

"ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ," ಅಂದ ಗುಂಡ. ಮಾತು ಬಾಯಿಂದ ಹೊರಗೆ ಬಿದ್ದ್ಮೇಲೆ ಅವನಿಗೆ ಗೊತ್ತಾಗಿದ್ದು ತನ್ನನ್ನೇ ಕೋಡಂಗಿ ಅಂದ್ಕೊಂಡೆ ಅಂತ.

ಪರ್ಮಿಷನ್ ವಿಷಯ ಪದ್ದಿ ಎತ್ತಿದ್ಲು, ಅದು ಸರಿಯಾಗೇ ಎತ್ತಿದ್ಲು. ನಮ್ಮನೆ ಮರ, ನಮ್ಮಿಷ್ಟ ಅನ್ನೋ ಹಾಗಿಲ್ಲ, ಬಹಳ ಕಡೆ ಮನೆ ಒಳಗಿನ ಮರ ಆದ್ರೂ ಇಂತಿಷ್ಟು ದಪ್ಪ ಮೀರಿದ್ರೆ ಕಡಿಯೋಕೆ ಅರ್ಜಿ ಹಾಕ್ಬೇಕು, ಆ ದಪ್ಪ ಅಳೆಯೋದು ಬುಡದಲ್ಲಲ್ಲ, ಎದೆ ಎತ್ತರದಲ್ಲಿ. ಟೇಪ್ ತಗೊಂಡು ಮರ ತಬ್ಬಿ ಅಳೆಯೋಕೆ ಹೋದೆ, ಕೈ ಆ ಕಡೆ ಸೇರ್ಲಿಲ್ಲ, ಗುಂಡ ಆ ಕಡೆಯಿಂದ ತಬ್ಕೊಂಡು ಟೇಪ್ ತುದಿ ಹಿಡ್ಕೊಂಡ, ಬೀದೀಲಿ ಹೋಗ್ತಿದ್ದೋರು ನಿಂತು ನೋಡಿ ಏನಂದ್ಕೊಂಡ್ರೋ. ಅರ್ಜಿ, ಫೋಟೋ, ಬಂದು ನೋಡಿದ್ದು, ಆಮೇಲೆ ಚೀಟಿ. ಅದಾಗೋ ಹೊತ್ತಿಗೆ ಮರ ಇನ್ನೊಂದು ಸುತ್ತು ಚಿಗುರಿತ್ತು.

ಅಷ್ಟರಲ್ಲಿ ಗುಂಡ ನಾವೇ ಕಡಿಯೋಣ ಅಂತ ಶುರು ಮಾಡಿದ್ದ. ನಾಲ್ಕು ವೀಡಿಯೋ ನೋಡಿದಾನಂತೆ. ಮೆಷಿನ್ ಗರಗಸ ಬಾಡಿಗೆಗೆ ತರ್ತೀನಿ, ಏಣಿ ನಮ್ಮನೇದೇ ಇದೆ ಅಂದ.

"ಏಣಿ ಮೇಲೆ ನಿಂತು ಮೆಷಿನ್ ಗರಗಸ?" ಪದ್ದಿ ದನಿ ತಣ್ಣಗಿತ್ತು. "ಗುಂಡ, ಕಡಿದ ಕೊಂಬೆ ತೂಗಾಡ್ತಾ ಬಂದು ಮೊದಲು ಹೊಡಿಯೋದೇ ಏಣಿಗೆ. ಇಲ್ಲಾ ಭಾರ ಇಳಿದ ಕೊಂಬೆ ಮೇಲಕ್ಕೆ ಚಿಮ್ಮಿ ಏಣಿ ಆಧಾರಾನೇ ತಪ್ಪುತ್ತೆ. ಕೂತ ಕೊಂಬೆ ಕಡ್ಕೊಂಡೋನಿಗಿಂತ ಒಂದು ಮೆಟ್ಲು ಮೇಲೆ ನೀನು."

"ಹಾಗಾದ್ರೆ ಬುಡದಿಂದ ಒಂದೇ ಸಲ ಉರುಳಿಸೋಣ."

"ಎತ್ತಕಡೆಗೆ?"

ನಾಲ್ಕೂ ದಿಕ್ಕು ನೋಡಿದ್ವಿ. ಒಂದು ಕಡೆ ನಮ್ಮನೆ, ಒಂದು ಕಡೆ ಪಕ್ಕದ ಮನೆ, ಒಂದು ಕಡೆ ಕರೆಂಟ್ ತಂತಿ, ಇನ್ನೊಂದು ಕಡೆ ಗುಂಡ ಪ್ರೀತಿಯಿಂದ ನಿಲ್ಸಿದ್ದ ಅವನ ಹೊಸ ಗಾಡಿ. ಗುಂಡ ಹೋಗಿ ಗಾಡಿ ಬೇರೆ ಕಡೆ ನಿಲ್ಸಿ ಬಂದ.

ಮರ ಉರುಳಿಸೋದು ಅಂದ್ರೆ ಕೊಯ್ದು ತಳ್ಳೋದು ಅಂದ್ಕೊಂಡಿದ್ದೆ ನಾನೂ. ಹಾಗಲ್ಲ. ಬೀಳಬೇಕಾದ ಕಡೆಗೆ ಮೊದಲು ಬಾಯಿ ತೆಗೆದ ಹಾಗೆ ಒಂದು ಕಚ್ಚು ಹಾಕ್ತಾರೆ, ಆಮೇಲೆ ಹಿಂದಿನಿಂದ ಕೊಯ್ತಾರೆ, ಆದ್ರೆ ಪೂರ್ತಿ ಕೊಯ್ಯಲ್ಲ, ಮಧ್ಯೆ ದಪ್ಪದ ಹತ್ತನೇ ಒಂದು ಪಾಲಿನಷ್ಟು ಮರ ಹಾಗೇ ಬಿಡ್ತಾರೆ. ಅದೇ ಬಾಗಿಲ ಕೀಲಿದ್ದ ಹಾಗೆ, ಮರ ಅದ್ರ ಮೇಲೆ ತಿರುಗಿ ಹೇಳಿದ ಕಡೆ ಮಲಗುತ್ತೆ. ಆ ಕೀಲು ಕೊಯ್ದುಬಿಟ್ರೆ ಮರ ಯಾರ ಮಾತೂ ಕೇಳಲ್ಲ. ಅಷ್ಟಲ್ದೆ ಮರದ ಎತ್ತರದ ಎರಡರಷ್ಟು ದೂರ ಯಾರೂ ಇರಬಾರ್ದು. 35 ಅಡಿ ಮರಕ್ಕೆ 70 ಅಡಿ. ನಮ್ಮ ಮನೆ ಲೆಕ್ಕದಲ್ಲಿ ಮರ ಬೀಳೋವಾಗ ನಾವು ಪಕ್ಕದೋರ ಹಿತ್ತಲಲ್ಲಿ ನಿಂತಿರಬೇಕು.

ಸರಿ, ಗೊತ್ತಿರೋರನ್ನ ಕರೆಸೋದು, ಮೇಲಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸೋದು ಅಂತಾಯ್ತು. ಉಳಿದಿದ್ದು ಬೊಡ್ಡೆ. ನಿಜ ಹೇಳ್ಬೇಕಂದ್ರೆ ಮರ ಕಡಿಯೋದು ಅರ್ಧ ದಿನದ ಕೆಲ್ಸ, ಬೊಡ್ಡೆ ವಿಷಯದಲ್ಲಿ ಸ್ನೇಹಿತರ ಸಲಹೆ ಕೇಳೋದು ಮೂರು ದಿನದ ಕೆಲ್ಸ. ಗುಂಡ ಒಂದೊಂದಾಗಿ ಬಿಟ್ಟ.

ಉಪ್ಪು ಸುರಿ. ಪದ್ದಿ ಬೇಡ ಅಂದ್ಲು, ಬೊಡ್ಡೆ ಜೊತೆ ಮಣ್ಣೂ ಹಾಳು, ಆಮೇಲೆ ಅಲ್ಲಿ ಏನೂ ಹುಟ್ಟಲ್ಲ. ಎಪ್ಸಮ್ ಸಾಲ್ಟ್ ಹಾಕು. ಮೇಷ್ಟ್ರು ನಕ್ಕರು, ಅದು ಮೆಗ್ನೀಸಿಯಮ್ ಸಲ್ಫೇಟು ಕಣಯ್ಯ, ಎಲೆ ಹಳದಿ ಆದ್ರೆ ಗಿಡಕ್ಕೆ ಗೊಬ್ಬರ ಅಂತ ಹಾಕ್ತಾರೆ, ಶತ್ರುಗೆ ಟಾನಿಕ್ ಕುಡಿಸ್ತೀಯಾ ಅಂದ್ರು. ತಾಮ್ರದ ಮೊಳೆ ಹೊಡಿ, ಮರ ತಾನೇ ಸಾಯುತ್ತೆ. ಅದೂ ಸುಳ್ಳಂತೆ, ಆ ಗಾಯಾನ ಮರ ಒಳಗಿಂದ ಗೋಡೆ ಕಟ್ಟಿದ ಹಾಗೆ ಬೇರೆ ಮಾಡಿ ಅದ್ರ ಪಾಡಿಗೆ ಅದು ಬೆಳೀತಾ ಹೋಗುತ್ತೆ. ಬೆಂಕಿ ಹಾಕು. ಇದಕ್ಕೆ ಇಬ್ರೂ ಒಟ್ಟಿಗೆ ಕಿರುಚಿದ್ರು, ಬೇರಿನಗುಂಟ ನೆಲದೊಳಗೇ ಬೂದಿ ಮುಚ್ಚಿದ ಕೆಂಡದ ಥರ ದಿನಗಟ್ಟಲೆ ಉರೀತಾ ಹೋಗಿ ಇನ್ನೆಲ್ಲೋ ಏಳಬಹುದು.

"ಹಾರೆ ತಗೊಂಡು ಅಗೆದ್ಬಿಡೋಣ, ತಾಯಿಬೇರು ಎಷ್ಟಾಳ ಹೋಗಿರುತ್ತೆ ಮಹಾ?"

"ಆಳ ಅಲ್ಲ ತೊಂದ್ರೆ, ಅಗಲ," ಅಂದ್ರು ಮೇಷ್ಟ್ರು. "ಬೇರಲ್ಲಿ ಮುಕ್ಕಾಲುವಾಸಿ ಮೇಲಿನ ಎರಡಡಿ ಮಣ್ಣಲ್ಲೇ ಇರುತ್ತೆ. ಆದ್ರೆ ಕೊಂಬೆ ಹರಡಿರೋ ಜಾಗ ದಾಟಿ ಆಚೆಗೂ ಹೋಗಿರುತ್ತೆ. ಪೂರ್ತಿ ಅಗೆಯೋಕೆ ಹೋದ್ರೆ ಮನೇನ ಪಕ್ಕಕ್ಕೆ ಎತ್ತಿಡಬೇಕು."

ಆಮೇಲೆ ಪದ್ದಿ ತನ್ನ ದಾರಿ ಹೇಳಿದ್ಲು. ಕಡಿದು ಬಿಟ್ರೆ ಬೊಡ್ಡೆ ಸಾಯಲ್ಲ, ಬೇರಲ್ಲಿ ಕೂಡಿಟ್ಕೊಂಡಿರೋ ಆಹಾರದಲ್ಲಿ ಸುತ್ತಲೂ ಚಿಗುರು ಕಳಿಸುತ್ತೆ. ಅದಕ್ಕೆ ಕೊಯ್ದ ತಕ್ಷಣ, ಅಂದ್ರೆ ನಿಜವಾಗ್ಲೂ ತಕ್ಷಣ, ಐದು ನಿಮಿಷದೊಳಗೆ, ಗ್ಲೈಫೋಸೇಟ್ ಅನ್ನೋ ಕಳೆನಾಶಕಾನ ಬ್ರಷ್ಷಲ್ಲಿ ಹಚ್ಚಬೇಕು. ಇಡೀ ಬೊಡ್ಡೆಗೆ ಬಳಿಯೋದು ದಂಡ. ಜೀವ ಇರೋದು ತೊಗಟೆ ಒಳಗಿನ ತೆಳ್ಳಗಿನ ಸುತ್ತಲ್ಲಿ, ನಡುಮಧ್ಯ ಇರೋದು ಸತ್ತ ಮರ. ಲೇಟ್ ಮಾಡಿದ್ರೆ ಕೊಯ್ದ ಬಾಯಿ ಕಟ್ಕೊಂಡು ಔಷಧಿ ಬೇರಿಗೆ ಇಳಿಯೋದೇ ಇಲ್ಲ. ಅಷ್ಟಾದ್ಮೇಲೆ ಒಂದಷ್ಟು ತಿಂಗಳು ಬಿಟ್ಟು ಬೊಡ್ಡೆ ಅರೆಯೋ ಮೆಷಿನ್ ತರ್ಸಿ ನೆಲದಿಂದ ಅರ್ಧ ಒಂದಡಿ ಕೆಳಗಿನವರೆಗೂ ಪುಡಿ ಮಾಡ್ಸೋದು. ಆ ಪುಡೀನ ಹಸಿ ಮಣ್ಣಿಗೇ ಕಲಸಿ ಗಿಡ ನೆಡೋಕೆ ಹೋಗ್ಬೇಡಿ ಅಂದ್ರು ಮೇಷ್ಟ್ರು, ಅದು ಕೊಳೆಯೋವಾಗ ಮಣ್ಣಲ್ಲಿರೋ ಸಾರಜನಕ ಎಲ್ಲಾ ತಾನೇ ಹೀರ್ಕೊಳ್ಳುತ್ತಂತೆ.

ಕಡಿಯೋ ದಿನ ಬಂತು. ಹೆಲ್ಮೆಟ್, ಹಗ್ಗ, ಕಾಲಿಗೆ ದಪ್ಪ ಬಟ್ಟೆ ಪ್ಯಾಂಟು ಹಾಕ್ಕೊಂಡಿರೋ ಹುಡುಗ ಬಂದ. ಮಾತು ಕಮ್ಮಿ. ಮೊದಲು ಮರದ ಸುತ್ತ ಎರಡು ಸುತ್ತು ಬಂದು ಗೂಡು ಇದೆಯಾ ಅಂತ ನೋಡಿದ, ಆಮೇಲೆ ನಮ್ಮ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ಮೊಳೆ ಗಿಳೆ ಏನಾದ್ರೂ ಹೊಡ್ದಿದೀರಾ ಇದಕ್ಕೆ?"

"ಛೇ ಛೇ, ಇಲ್ಲಪ್ಪ," ಅಂದ್ವಿ ನಾಲ್ಕೂ ಜನ, ಒಂದೇ ರಾಗದಲ್ಲಿ.

ಅವನು ಹತ್ತಿ ಕೊಂಬೆ ಇಳಿಸ್ತಿದ್ದ ಚೆಂದ ನೋಡ್ಬೇಕಿತ್ತು. ಮೊದಲು ಕೊಂಬೆ ಅಡಿಯಿಂದ ಸ್ವಲ್ಪ ಕೊಯ್ಯೋನು, ಆಮೇಲೆ ಅದಕ್ಕಿಂತ ಎರಡು ಬೆರಳು ಆಚೆ ಮೇಲಿಂದ ಕೊಯ್ಯೋನು, ಕೊಂಬೆ ತೊಗಟೆ ಸುಲೀದೆ ಟಕ್ ಅಂತ ಬಿಡ್ಕೊಂಡು ಹಗ್ಗದಲ್ಲಿ ನಿಂತ್ಬಿಡೋದು. ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ ಅಂತೆ, ಅದಕ್ಕೆ ತೋಳು ದಪ್ಪದ ಕೊಂಬೆ ಕೆಳಗೆ ಬಂದಾಗ ಗುಂಡ ಹೀರೋ ಥರ ಒಂದೇ ಕೈಲಿ ಎತ್ತೋಕೆ ಹೋಗಿ ಅದ್ರ ಜೊತೇಲೇ ಕೂತ. ಕೊಯ್ದಲ್ಲೆಲ್ಲ ಬಿಳಿ ಸೊನೆ. ಗ್ಲೌಸ್ ಹಾಕ್ಕೊಳ್ರೋ, ಸೊನೆ ಚರ್ಮಕ್ಕೆ ತುರಿಕೆ ಅಂತ ಪದ್ದಿ ಕೂಗ್ತಾನೇ ಇದ್ಲು, ಗುಂಡ ಕೇಳ್ಲಿಲ್ಲ, ಸಂಜೆವರೆಗೂ ಕೆರ್ಕೊಂಡ. ಮೇಷ್ಟ್ರು ಮಾತ್ರ ಕೆಳಗಿಂದ "ಕಾಲರ್ ಬಿಟ್ಟು ಕೊಯ್ಯಪ್ಪಾ, ಕೊಂಬೆ ಬುಡದ ಉಬ್ಬು ಉಳಿಸು, ಗಾಯ ಬೇಗ ಮುಚ್ಚುತ್ತೆ" ಅಂತ ಸೂಚನೆ ಕೊಡ್ತಿದ್ರು. ಆ ಹುಡುಗ ಒಂದ್ಸಲ ಕೆಳಗೆ ನೋಡಿ, "ಸಾರ್, ಮರಾನೇ ತೆಗೀತಿರೋದು," ಅಂದ.

ಮಧ್ಯಾಹ್ನದ ಹೊತ್ತಿಗೆ ಬರೀ ಕಂಬ ನಿಂತಿತ್ತು. ಅದನ್ನೂ ಮೂರು ತುಂಡು ಮಾಡಿ ಇಳಿಸಿದ. ಕೊನೇ ಕೊಯ್ತ, ಬುಡದಿಂದ ಒಂದು ಗೇಣು ಮೇಲೆ. ಪದ್ದಿ ಗ್ಲೌಸ್ ಹಾಕ್ಕೊಂಡು ಡಬ್ಬ, ಬ್ರಷ್ಷು ಹಿಡ್ಕೊಂಡು ಓಟದ ಪಂದ್ಯಕ್ಕೆ ನಿಂತೋಳ ಥರ ರೆಡಿ. ಗರಗಸ ಅರ್ಧ ಹೋಗಿತ್ತು, ಇದ್ದಕ್ಕಿದ್ದ ಹಾಗೆ ಕರ್ರ್ ಅಂತ ಸದ್ದು, ನಾಲ್ಕು ಕಿಡಿ. ಹುಡುಗ ಮೆಷಿನ್ ಆಫ್ ಮಾಡಿ ಚೈನ್ ನೋಡಿದ, ಹಲ್ಲು ಮೊಂಡಾಗಿತ್ತು. ಆಮೇಲೆ ನಮ್ಮನ್ನ ನೋಡಿದ. ನಾಲ್ಕೂ ಜನ ನೆಲ ನೋಡಿದ್ವಿ.

ಬೇರೆ ಚೈನ್ ಹಾಕಿ ಎದುರು ಕಡೆಯಿಂದ ಕೊಯ್ದು ಮುಗಿಸಿದ. ತುಂಡು ಉರುಳ್ತು. ಕೊಯ್ದ ಮುಖದಲ್ಲಿ, ತೊಗಟೆಯಿಂದ ಪೂರಾ ಒಂದು ಗೇಣು ಒಳಗೆ, ತಂತಿ ಇದ್ದ ಕಡೆ ಕಪ್ಪಗೆ ಕಲೆ, ಅದ್ರ ಮಧ್ಯೆ ಏನೋ ಹೊಳೀತಿತ್ತು.

"ಬಿಲ್ಲೆ!" ಅಂತ ಗುಂಡ ಹಾರಿದ. "ನಾನು ಹೇಳಿರ್ಲಿಲ್ವಾ ಬಿಲ್ಲೆ ಇದೆ ಅಂತ?"

"ಬುಡದಲ್ಲೇ ಇದೆ ನೋಡ್ದಾ, ಲಿಫ್ಟ್ ಅಲ್ಲ ಅಂದಿದ್ನಲ್ಲ," ಅಂತ ಮೇಷ್ಟ್ರೂ ಹಾರಿದ್ರು.

"ಐದು ನಿಮಿಷ ಕಣ್ರೋ, ಸರೀರಿ ಆ ಕಡೆ!" ಪದ್ದಿ ನಮ್ಮ ಮಧ್ಯೆ ಮಂಡಿಯೂರಿ ಸುತ್ತಲೂ ಬ್ರಷ್ ಎಳೀತಿದ್ಲು. ಅವಳ ತಲೆ ಮೇಲಿಂದ ಗುಂಡ ಸ್ಕ್ರೂಡ್ರೈವರ್ ಹಾಕಿ ಬಿಲ್ಲೆ ಮೀಟ್ತಿದ್ದ. ಇನ್ನೊಂದು ಕಡೆ ನಾನು ಹದಿನಾಲ್ಕು ಆಗಿದೆಯಾ ಅಂತ ಸುತ್ತು ಎಣಿಸೋಕೆ ನೋಡ್ದೆ, ಎಲ್ಲಿಂದ ಎಣಿಸಿದ್ರೂ ಬೇರೆ ಲೆಕ್ಕ ಬರ್ತಿತ್ತು. ವರ್ಷಪೂರ್ತಿ ಬೆಳೆಯೋ ಮರಕ್ಕೆ ವರ್ಷದ ಗೆರೆ ಸರಿಯಾಗಿ ಬೀಳಲ್ಲ ಕಣಯ್ಯ ಅಂದ್ರು ಮೇಷ್ಟ್ರು, ಆ ಗಲಾಟೇಲೂ ಪಾಠ ಬಿಡ್ಲಿಲ್ಲ.

ಬಿಲ್ಲೆ ಈಚೆ ಬಂತು. ಅರ್ಧ ಅಷ್ಟೆ, ಇನ್ನರ್ಧ ಗರಗಸದ ಬಾಯಿಗೆ ಹೋಗಿ ಪುಡಿಯಾಗಿತ್ತು. ಗುಂಡ ಅಂಗೀಲಿ ಒರೆಸಿದ. ಅಚ್ಚೊತ್ತಿದ ಅಕ್ಷರ ಹೊಸದ್ರ ಹಾಗೇ ಇದ್ವು. ಮೇಲಿನ ಸಾಲು ಫೈಕಸ್. ಕೆಳಗಿನ ಸಾಲು, ಎತ್ತರ, ಆಮೇಲೆ 4, ಆಮೇಲೆ ಗರಗಸ ಕೊಯ್ದ ಅಂಚು.

"ನಾಲ್ಕು!" ಅಂದ ಗುಂಡ. "ಓದ್ಕೊಳ್ಳಿ ಎಲ್ರೂ. ನಾಲ್ಕಡಿ."

"ನಾಲ್ಕರ ಮುಂದೆ ಸೊನ್ನೆ ಇತ್ತೋ ಏನೋ," ಅಂದೆ ನಾನು.

ಎಲ್ರೂ ಸುಮ್ನಾಗಿ ಆ ಅಂಚನ್ನೇ ನೋಡಿದ್ವಿ. ಗುಂಡ ಬಗ್ಗಿ ಮರದ ಹೊಟ್ಟು ಕೆದಕೋಕೆ ಶುರು ಮಾಡಿದ. ಈಗ್ಲೂ ಬಂದಾಗೆಲ್ಲ ಆ ಬೊಡ್ಡೆ ಪಕ್ಕ ಕೂತ್ಕೊಂಡು ಬೆರಳಲ್ಲಿ ಕೆದಕ್ತಾ ಇರ್ತಾನೆ.